ಮಂಡಿಚಿಪ್ಪು ಮತ್ತು ಎಂಟು ರೂಪಾಯಿಯ ಚಿಪ್ಪು

ದಕ್ಷಿಣ ಬೆಂಗಳೂರನ್ನು ಕೆಲವರು ಕಿಲೋಮೀಟರ್‌ನಲ್ಲಿ ಅಳೀತಾರೆ, ಹೆಚ್ಚಿನವರು ನಿಮಿಷದಲ್ಲಿ. ಜಯನಗರದಿಂದ ಬಿಟಿಎಂ ಲೇಔಟ್‌ಗೆ ಎಷ್ಟು ದೂರ ಅಂತ ಕೇಳಿದರೆ "ಎಷ್ಟು ಗಂಟೆಗೆ ಹೊರಡ್ತೀರಿ?" ಅನ್ನೋ ಮರುಪ್ರಶ್ನೆಯೇ ಇಲ್ಲಿಯ ಉತ್ತರ. ನಾನು ಮಾತ್ರ ಐದು ತಿಂಗಳು ಈ ಭಾಗವನ್ನು ಡಿಗ್ರಿಯಲ್ಲಿ ಅಳೆದೆ. ಬಲಮಂಡಿ ಎಷ್ಟು ಡಿಗ್ರಿ ಬಗ್ಗುತ್ತೋ ಊರು ಅಷ್ಟೇ ದೊಡ್ಡದು.

ಲೆಕ್ಕ ಸರಳ. ಸಮತಟ್ಟು ನೆಲದಲ್ಲಿ ಸಹಜವಾಗಿ ನಡೆಯೋಕೆ ಮಂಡಿ ಸುಮಾರು 60–65 ಡಿಗ್ರಿ ಮಡಚಬೇಕು. ಮೆಟ್ಟಿಲಿಗೆ, ಕುರ್ಚಿಯಿಂದ ಏಳೋದಕ್ಕೆ 90ರ ಆಸುಪಾಸು. ಸೈಕಲ್ ಪೆಡಲ್ ಪೂರ್ತಿ ಸುತ್ತು ಹಾಕಬೇಕಾದರೆ 110ರ ಹತ್ತಿರ. ಹಬ್ಬದ ದಿನ ಎಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂರೋಕೆ 130 ದಾಟಬೇಕು. ಆರೋಗ್ಯವಾಗಿದ್ದಾಗ ಈ ಸಂಖ್ಯೆಗಳು ಯಾರಿಗೂ ಬೇಡ. ಒಂದು ಸಲ ಬಿದ್ದು ನೋಡಿ, ಒಂದೊಂದು ಡಿಗ್ರಿಗೂ ಒಂದೊಂದು ರಸ್ತೆ ಸಿಗುತ್ತೆ.

ಗೆರೆ ಇದೆ, ಜಾಗ ಇಲ್ಲ

ಜಯನಗರ ಯೋಜನೆ ಹಾಕಿ ಕಟ್ಟಿದ ಬಡಾವಣೆ. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಉದ್ಘಾಟಿಸಿದ ಅಶೋಕ ಸ್ತಂಭ ಇವತ್ತಿಗೂ ಅದರ ಹೆಬ್ಬಾಗಿಲಿನ ಹಾಗೆ ನಿಂತಿದೆ. ಅಗಲ ರಸ್ತೆ, ಎರಡೂ ಕಡೆ ಮರ, ಬ್ಲಾಕ್‌ಗೊಂದು ಪಾರ್ಕು. ಸೈಕಲ್‌ಗೆ ಇದಕ್ಕಿಂತ ಒಳ್ಳೆ ಜಾಗ ಬೆಂಗಳೂರಲ್ಲಿ ಕಮ್ಮಿ. ಅದಕ್ಕೇ ಇರಬೇಕು, 2012ರಲ್ಲಿ ಇಲ್ಲಿನ ರಸ್ತೆಗಳ ಅಂಚಿಗೆ ಸೈಕಲ್ ಪಥದ ಗೆರೆ ಎಳೆದರು. ಬಣ್ಣ ಮಾಸುವ ಮೊದಲೇ ಅದು ಕಾರುಗಳ ಪಾರ್ಕಿಂಗ್ ಪಥ ಆಯ್ತು.

ಹಾಗೆ ಸಾಲಾಗಿ ನಿಂತ ಕಾರುಗಳಲ್ಲಿ ಒಂದರ ಬಾಗಿಲು, ನಾನು ಪಕ್ಕದಲ್ಲಿ ಹಾದುಹೋಗುವ ಹೊತ್ತಿಗೆ ಸರಿಯಾಗಿ ತೆರೆದುಕೊಂಡಿತು. ಮುಂದಿನದು ಎರಡು ಸೆಕೆಂಡಿನ ಕತೆ. ಇಲ್ಲಿ ಹೇಳಬೇಕಾದ ಮಾತು ಒಂದೇ: ನೀವು ಕಾರ್ ಓಡಿಸುವವರಾದರೆ ಬಾಗಿಲನ್ನು ಬಲಗೈ ಬದಲು ಎಡಗೈಯಲ್ಲಿ ತೆಗೆಯಿರಿ. ಎಡಗೈ ಬಲಬಾಗಿಲಿಗೆ ಚಾಚಿದರೆ ಮೈ ತಾನಾಗಿ ತಿರುಗುತ್ತೆ, ಕಣ್ಣು ಹಿಂದಕ್ಕೆ ಹೋಗುತ್ತೆ, ಬರುತ್ತಿರೋ ಸೈಕಲ್ ಕಾಣುತ್ತೆ. ಸೈಕಲ್‌ಗಳ ದೇಶವಾದ ನೆದರ್‌ಲೆಂಡ್ಸ್‌ನ ಹೆಸರಲ್ಲೇ ಪ್ರಸಿದ್ಧವಾದ ಅಭ್ಯಾಸ ಇದು. ಒಂದು ಪೈಸೆ ಖರ್ಚಿಲ್ಲ.

ಎರಡು ಕಡ್ಡಿ, ಒಂದು ತಂತಿ

ಮಂಡಿಚಿಪ್ಪು ಅಡ್ಡಡ್ಡ ಎರಡು ಹೋಳಾಗಿತ್ತು. ತೊಡೆಯ ಸ್ನಾಯು ಮೇಲಿನ ಹೋಳನ್ನು ಮೇಲಕ್ಕೆ ಎಳೆಯುತ್ತೆ, ಮೊಣಕಾಲಿನ ಕೆಳಗಿನ ಸ್ನಾಯುಬಂಧ ಕೆಳಗಿನ ಹೋಳನ್ನು ಹಿಡಿದಿರುತ್ತೆ. ಹಾಗಾಗಿ ಬ್ಯಾಂಡೇಜ್ ಸುತ್ತಿ ಬಿಟ್ಟರೆ ಎರಡೂ ದೂರ ದೂರ. ಡಾಕ್ಟರ್ ಮಾಡಿದ್ದು ಇಷ್ಟು: ಎರಡೂ ಹೋಳಿಗೆ ಸೇರಿ ಎರಡು ಸಣ್ಣ ಸ್ಟೀಲ್ ಕಡ್ಡಿ ತೂರಿಸಿ, ಚಿಪ್ಪಿನ ಮುಂಭಾಗದಲ್ಲಿ ಎಂಟರ ಆಕಾರದಲ್ಲಿ ತಂತಿ ಬಿಗಿದರು. ಟೆನ್ಷನ್ ಬ್ಯಾಂಡ್ ಅಂತಾರೆ ಅದಕ್ಕೆ.

ಇದರ ಜಾಣತನ ಎಕ್ಸ್-ರೇ ನೋಡುತ್ತಾ ಕೂತಾಗ ಹೊಳೆಯಿತು. ಮಂಡಿ ಬಗ್ಗಿಸಿದಾಗ ಸ್ನಾಯುವಿನ ಎಳೆತ ಮುಂಭಾಗವನ್ನು ಬಾಯಿ ತೆರೆಸೋಕೆ ನೋಡುತ್ತೆ. ಅಲ್ಲಿ ತಂತಿ ಇದೆ, ಅದು ಬಿಡೋದಿಲ್ಲ. ಆಗ ಹಿಂಭಾಗದಲ್ಲಿ ಎರಡು ಹೋಳೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮುರಿಯೋಕೆ ನೋಡಿದ ಬಲವೇ ಕೂಡಿಸೋ ಬಲ ಆಗುತ್ತೆ. ಎರಡು ಕಡ್ಡಿ, ಒಂದು ತಂತಿ, ಮೋಟಾರಿಲ್ಲ, ಬ್ಯಾಟರಿ ಇಲ್ಲ. ಕಡಿಮೆ ಸಾಮಾನಿನ ಒಳ್ಳೆ ಡಿಸೈನ್ ಅಂದ್ರೆ ಇದೇ ಅಲ್ವಾ!

ಅಂದಹಾಗೆ ಮೂಳೆ ಮುರಿದುಕೊಳ್ಳೋಕೆ ದಕ್ಷಿಣ ಬೆಂಗಳೂರಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇರೋದು ಜಯನಗರದಲ್ಲೇ. ಆಚೆಗೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್. ಜೆ.ಪಿ. ನಗರದಲ್ಲಿ ಮೊಬಿಲಿಟಿ ಇಂಡಿಯಾ ಅನ್ನೋ ಸಂಸ್ಥೆ 1994ರಿಂದ ಬಡವರಿಗೆ ಕೃತಕ ಕಾಲು, ಕ್ಯಾಲಿಪರ್, ಗಾಲಿಕುರ್ಚಿ ಒದಗಿಸುತ್ತಾ, ಅದನ್ನು ಮಾಡೋರಿಗೆ ತರಬೇತಿಯನ್ನೂ ಕೊಡ್ತಾ ಬಂದಿದೆ. ಈ ರಸ್ತೆಗಳಲ್ಲಿ ದಿನಾ ಓಡಾಡ್ತಿದ್ದೆ, ಬೋರ್ಡುಗಳು ಕಾಣ್ತಿದ್ದವು. ವಾಕರ್ ಹಿಡಿದ ಮೇಲೆ ಅವುಗಳ ಮುಂದೆ ಕಾಯುವವರೂ ಕಂಡರು.

ಮೂವತ್ತೈದು ಡಿಗ್ರಿಯ ಊರು

ಕಾಲಿಗೆ ಹಾಕಿದ್ದ ಬ್ರೇಸ್ ಸಡಿಲಿಸಿ ಬಗ್ಗಿಸಲು ಶುರು ಮಾಡಿದ ದಿನ ನನ್ನ ಮಂಡಿ ಹೋಗಿದ್ದು 35 ಡಿಗ್ರಿ. ಫಿಸಿಯೋ ಮೇಡಂ ಎರಡು ತೋಳಿನ ಪ್ಲಾಸ್ಟಿಕ್ ಕೋನಮಾಪಕ ಇಟ್ಟು ನೋಡಿ, ಕಾರ್ಡಿನಲ್ಲಿ ಬರೆದರು. "ಸರ್, ವಾರಕ್ಕೆ ಹತ್ತು ಡಿಗ್ರಿ ಸಿಕ್ಕರೂ ಸಾಕು. ಸಿಗದೆ ಹಾಗೇ ಬಿಗಿದುಕೊಂಡ್ರೆ ಮತ್ತೆ ಅನಸ್ತೇಸಿಯಾ ಕೊಟ್ಟು ಬಗ್ಗಿಸಬೇಕಾಗಬಹುದು."

ಕ್ಲಿನಿಕ್‌ನಲ್ಲಿ ಅವರ ಕೈ ಇರುತ್ತೆ, ಧೈರ್ಯ ಇರುತ್ತೆ. ಮನೆಯಲ್ಲಿ ಮಂಚದ ಅಂಚಿಗೆ ಕೂತು ಬಗ್ಗಿಸಿದರೆ, ನೋವು ಬಂದ ಕಡೆ ನಿಂತುಬಿಡುತ್ತೇವೆ. ಅದು 50 ಇರಬಹುದು, 42 ಇರಬಹುದು. ಬಗ್ಗಿದ ಕಾಲಿನ ಮೇಲೆ ತಾವೇ ಬಾಗಿ ಸ್ಕೇಲ್ ಇಟ್ಟು ನೋಡೋಕೂ ಆಗಲ್ಲ. ಜಾಸ್ತಿ ಉತ್ಸಾಹ ಇದ್ದವರದ್ದು ಇನ್ನೊಂದು ಕಷ್ಟ, ಹೇಳಿದ್ದಕ್ಕಿಂತ ಮುಂದೆ ಹೋಗಿ ಮರುದಿನ ಊದಿಸಿಕೊಂಡು ಬರ್ತಾರೆ.

ಅದೇ ಹೊತ್ತಿಗೆ ನನ್ನ ಪಕ್ಕದ ಬೆಡ್‌ನಲ್ಲಿ ವ್ಯಾಯಾಮ ಮಾಡ್ತಿದ್ದ ಅಕ್ಕ ಒಬ್ಬರು ಇದ್ದರು. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಬಸ್ಸಿಂದ ಇಳಿಯುವಾಗ ಬಿದ್ದು ಇದೇ ತರಹದ ಪೆಟ್ಟು. "ಇಲ್ಲಿಗೆ ಬಂದು ಹೋಗೋದ್ರಲ್ಲೇ ಅರ್ಧ ದಿನ ಹೋಯ್ತದೆ. ಕೆಲಸಕ್ಕೆ ಸೇರಿದ್ಮೇಲೆ ಹೆಂಗೆ ಬರಲಿ ಮೇಡಂ?" ಅಂತಿದ್ದರು. ಹೊಲಿಗೆ ಮೆಷಿನ್ ಮುಂದೆ ದಿನವಿಡೀ ಕೂತು ಪೆಡಲ್ ಒತ್ತಬೇಕಾದ ಕಾಲು ಅದು. ನನಗಾದರೆ ಮಂಡಿ ಬಗ್ಗದಿದ್ದರೂ ಲ್ಯಾಪ್‌ಟಾಪ್ ತೆರೆಯುತ್ತೆ. ಅವರಿಗೆ ಹಾಗಿಲ್ಲ.

ಮನೆಯಲ್ಲೇ, ಮೇಡಂ ಹೇಳಿದ ಡಿಗ್ರಿ ಮುಟ್ಟಿದ ಕೂಡಲೇ "ಪೀಂ" ಅನ್ನೋ ಒಂದು ಸಾಧನ ಇದ್ದರೆ? ಅದೂ ಕ್ಲಿನಿಕ್‌ನವರು ಹತ್ತು ಜನಕ್ಕೆ ಕೈಗೆ ಕೊಟ್ಟು ಕಳಿಸೋಷ್ಟು ಅಗ್ಗ ಇದ್ದರೆ? "ಎಷ್ಟು ಅಗ್ಗ ಇರಬೇಕು ಮೇಡಂ?" ಅಂದೆ. "ಕಳೆದು ಹೋದ್ರೂ ಯಾರೂ ಬೇಜಾರು ಮಾಡ್ಕೋಬಾರದು, ಅಷ್ಟು" ಅಂದರು. ಇದಕ್ಕಿಂತ ಸ್ಪಷ್ಟವಾದ ಸ್ಪೆಸಿಫಿಕೇಶನ್ ನನಗೆ ಆಫೀಸಲ್ಲೂ ಸಿಕ್ಕಿಲ್ಲ.

ಮಾರ್ಕೆಟ್‌ಗೆ ಮೆಟ್ರೋ

ಅರವತ್ತೈದು ಡಿಗ್ರಿ ಆದ ವಾರ ಎಸ್.ಪಿ. ರೋಡ್‌ಗೆ ಹೊರಟೆ. ಬನಶಂಕರಿಯಲ್ಲಿ ಲಿಫ್ಟ್ ಹತ್ತಿ ಹಸಿರು ಮಾರ್ಗ ಹಿಡಿದರೆ ಆರ್.ವಿ. ರಸ್ತೆ, ಜಯನಗರ, ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜ್. ಅಲ್ಲಿವರೆಗೆ ಮರದ ತುದಿ, ಮನೆಯ ಟೆರೇಸು, ಒಣಗೋ ಬಟ್ಟೆ ನೋಡ್ತಾ ಹೋಗಬಹುದು. ಆಮೇಲೆ ರೈಲು ನೆಲದೊಳಕ್ಕೆ ಇಳಿದು ಕೆ.ಆರ್. ಮಾರ್ಕೆಟ್ ಮುಟ್ಟುತ್ತೆ. ಮೇಲೆ ಬಂದರೆ ಬೇರೆಯೇ ಊರು.

ಎಸ್.ಪಿ. ರೋಡ್ ಬಗ್ಗೆ ಗೊತ್ತಿಲ್ಲದವರಿಗೆ: ಟೌನ್‌ಹಾಲ್ ಹತ್ತಿರದ ಈ ಇಕ್ಕಟ್ಟು ರಸ್ತೆಯಲ್ಲಿ ಕಂಪ್ಯೂಟರ್, ಮೊಬೈಲ್ ಬಿಡಿಭಾಗದಿಂದ ಹಿಡಿದು ಚಿಲ್ಲರೆ ರೆಸಿಸ್ಟರ್‌ವರೆಗೆ ಎಲ್ಲ ಸಿಗುತ್ತೆ. ಬೆಂಗಳೂರಿನ ಇಂಜಿನಿಯರಿಂಗ್ ಹುಡುಗರ ಫೈನಲ್ ಇಯರ್ ಪ್ರಾಜೆಕ್ಟ್‌ಗಳ ತವರುಮನೆ. ಸಣ್ಣ ಅಂಗಡಿ, ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರ್, ಒಂದೊಂದಕ್ಕೂ ಅಂಟಿಸಿದ ಚೀಟಿ. ಅಂಗಡಿಯವರು ಹುಡುಕೋದೇ ಇಲ್ಲ, ಕೈ ನೇರ ಹೋಗುತ್ತೆ.

"ಹತ್ತು ಕೆ ಪಾಟ್ ಎರಡು ಕೊಡಿ."

"ಎ ಮಾರ್ಕಾ, ಬಿ ಮಾರ್ಕಾ ಸಾರ್?"

ಪಾಟ್ ಅಂದರೆ ಪೊಟೆನ್ಶಿಯೋಮೀಟರ್. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸ್ತಿದ್ವಲ್ಲ, ಅದೇ. ಎ ಮಾರ್ಕಿನದು ಸಾಮಾನ್ಯವಾಗಿ ವಾಲ್ಯೂಮ್‌ಗೆ, ಅದರ ಏರಿಕೆ ಸಮನಾಗಿರೋದಿಲ್ಲ. ಬಿ ಮಾರ್ಕಿನದು ತಿರುಗಿಸಿದಷ್ಟಕ್ಕೆ ಸಮನಾಗಿ ಬದಲಾಗುತ್ತೆ. ಕೋನ ಅಳೆಯೋಕೆ ಬೇಕಾದದ್ದು ಬಿ. ಆ ಒಂದು ಪ್ರಶ್ನೆಯಲ್ಲಿ ಅಂಗಡಿಯವರು ನನಗೆ ಅರ್ಧ ದಿನ ಉಳಿಸಬಲ್ಲವರು ಅಂತ ಗೊತ್ತಾಯ್ತು.

ಒಂದು ಎಚ್ಚರಿಕೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ವಾರದ ದಿನ ಹೋಗಿ, ಚೀಟಿ ಬರೆದುಕೊಂಡು ಹೋಗಿ, ಕಾರ್ ತರಬೇಡಿ.

ಕಮ್ಮಿ ಮಾಡೋ ಸುಖ

ಈ ಸಾಧನವನ್ನು ದುಬಾರಿಯಾಗಿ ಮಾಡೋದು ಸುಲಭ. ಫೋನಿಗೆ ಬ್ಲೂಟೂತ್‌ನಲ್ಲಿ ಮಾತಾಡೋ ಮಾಡ್ಯೂಲ್, ತೊಡೆಗೊಂದು ಕಣಕಾಲಿಗೊಂದು ಚಲನೆಯ ಸೆನ್ಸರ್, ಒಂದು ಆ್ಯಪ್, ಗ್ರಾಫ್. ನಾಲ್ಕು ಹೆಜ್ಜೆ ಕೆಳಗಿಳಿದರೆ ಹತ್ತಿಪ್ಪತ್ತು ರೂಪಾಯಿಯ ಮೈಕ್ರೋಕಂಟ್ರೋಲರ್. ಈಗ ಅಷ್ಟು ಅಗ್ಗಕ್ಕೂ ಪುಟ್ಟ ಕಂಪ್ಯೂಟರ್ ಸಿಗುತ್ತೆ. ಆದರೆ ಅದಕ್ಕೆ ಪ್ರೋಗ್ರಾಂ ತುಂಬಬೇಕು, ಕೆಟ್ಟರೆ ರಿಪೇರಿಗೆ ನಾನೇ ಬೇಕು.

ಇನ್ನೂ ಒಂದು ಹೆಜ್ಜೆ ಇಳಿದೆ. ಇಲ್ಲಿ ಸಾಧನಕ್ಕೆ ಕೋನ ಎಷ್ಟು ಅಂತ ಗೊತ್ತಾಗೋ ಅಗತ್ಯವೇ ಇಲ್ಲ. "ಹೇಳಿದಷ್ಟು ಆಯ್ತಾ, ಇಲ್ವಾ?" ಇಷ್ಟೇ ಸಾಕು. ಎರಡು ವಸ್ತುಗಳಲ್ಲಿ ಯಾವುದು ಹೆಚ್ಚು ಅಂತ ಹೇಳೋ ಕೆಲಸಕ್ಕೆ ತಕ್ಕಡಿ ಸಾಕು. ಎಲೆಕ್ಟ್ರಾನಿಕ್ಸ್‌ನಲ್ಲಿ ಆ ತಕ್ಕಡಿಗೆ ಕಂಪ್ಯಾರೇಟರ್ ಅಂತಾರೆ. 1970ರ ದಶಕದಿಂದ ಬರ್ತಿರೋ ಎಲ್‌ಎಂ393 ಅನ್ನೋ ಎಂಟು ಕಾಲಿನ ಚಿಪ್. ನನಗೆ ಎಂಟು ರೂಪಾಯಿಗೆ ಸಿಕ್ಕಿತು.

ಕೆಲಸ ಹೀಗೆ: ಎರಡು ಪ್ಲಾಸ್ಟಿಕ್ ಅಡಿಸ್ಕೇಲ್, ಅವೆರಡರ ಕೀಲಿನ ಜಾಗದಲ್ಲಿ ಒಂದು ಪಾಟ್. ಮಂಡಿಯ ಹೊರಬದಿಯ ಉಬ್ಬಿನ ಮೇಲೆ ಆ ಕೀಲು ಕೂರಬೇಕು. ಒಂದು ಸ್ಕೇಲ್ ಸೊಂಟದ ಕಡೆ, ಇನ್ನೊಂದು ಕಾಲಿನ ಹೊರಗಿನ ಹರಡಿನ ಕಡೆ. ವೆಲ್ಕ್ರೋ ಪಟ್ಟಿಯಿಂದ ಕಟ್ಟೋದು. ಮಂಡಿ ಬಗ್ಗಿದಂತೆ ಪಾಟ್ ತಿರುಗುತ್ತೆ. ಇನ್ನೊಂದು ಅದೇ ತರಹದ ಪಾಟ್ ಡಬ್ಬಿಯ ಮೇಲೆ, ಸುತ್ತಲೂ 40, 50, 60 ಅಂತ ಬರೆದ ಕಾಗದ. ಮೇಡಂ ಆ ತಿರುಗಣೆಯನ್ನು 70ಕ್ಕೆ ಇಟ್ಟರೆ, ಮಂಡಿ 70 ಆದಾಗ ಎರಡೂ ಪಾಟ್‌ಗಳ ವೋಲ್ಟೇಜ್ ಸಮ. ಒಂದು ಕೂದಲೆಳೆ ಮುಂದೆ ಹೋದರೆ ತಕ್ಕಡಿ ವಾಲುತ್ತೆ, ಟ್ರಾನ್ಸಿಸ್ಟರ್ ಮೂಲಕ ಬಝರ್ ಕೂಗುತ್ತೆ.

ಇದರಲ್ಲಿ ನನಗೆ ನಿದ್ದೆ ಬಾರದಷ್ಟು ಖುಷಿ ಕೊಟ್ಟದ್ದು ಬೇರೆ ಸಂಗತಿ. ಬ್ಯಾಟರಿ ಹಳತಾದಂತೆ ವೋಲ್ಟೇಜ್ ಇಳಿಯುತ್ತೆ, ಆಗ ಅಳತೆ ತಪ್ಪಬೇಕಲ್ವಾ? ತಪ್ಪೋದಿಲ್ಲ. ಎರಡೂ ಪಾಟ್‌ಗಳಿಗೆ ಅದೇ ಬ್ಯಾಟರಿ. ಇಳಿದರೆ ಎರಡೂ ಒಟ್ಟಿಗೇ ಇಳೀತವೆ, ತಕ್ಕಡಿಗೆ ಏನೂ ವ್ಯತ್ಯಾಸ ಇಲ್ಲ. ಸ್ಥಿರ ವೋಲ್ಟೇಜ್ ಕೊಡೋ ರೆಗ್ಯುಲೇಟರ್ ಅನ್ನೋ ಭಾಗವೇ ಬೇಡವಾಯ್ತು. ಒಂದು ಭಾಗವನ್ನು ಅಗ್ಗ ಮಾಡೋದಕ್ಕಿಂತ ಆ ಭಾಗವೇ ಬೇಡ ಅನ್ನೋ ಹಾಗೆ ಮಾಡೋದರ ಸುಖ ಬೇರೆ. ಮನೆ ಬದಲಿಸುವಾಗ ಒಂದು ಬೀರು ಕಮ್ಮಿ ಆದ ಹಾಗೆ.

ಒಂದೇ ಒಂದು ಕಡೆ ಸೇರಿಸಬೇಕಾಯ್ತು. ಗುರಿ ಹತ್ತಿರ ಬಂದಾಗ ಸುಸ್ತಾದ ತೊಡೆ ನಡುಗುತ್ತೆ, ಬಝರ್ ಟರ್ ಟರ್ ಅಂತ ಗೊಣಗುತ್ತೆ. ಚಿಪ್ಪಿನ ಹೊರದಾರಿಯಿಂದ ಒಳದಾರಿಗೆ ಒಂದು ಮೆಗಾ ಓಮ್‌ನ ರೆಸಿಸ್ಟರ್ ಹಾಕಿದರೆ ಸರಿ. ಒಂದು ಸಲ "ಆಯ್ತು" ಅಂದ ಮೇಲೆ ಸಣ್ಣ ನಡುಕಕ್ಕೆಲ್ಲ "ಇಲ್ಲ" ಅನ್ನೋದಿಲ್ಲ. ಇದರ ಹೆಸರು ಹಿಸ್ಟೆರಿಸಿಸ್. ಬೆಲೆ ಒಂದು ರೂಪಾಯಿಯೂ ಇಲ್ಲ.

ಬಿಲ್ ಹೀಗಾಯ್ತು: ಪಾಟ್ ಎರಡಕ್ಕೆ 30, ಚಿಪ್ 8, ಟ್ರಾನ್ಸಿಸ್ಟರ್ 2, ರೆಸಿಸ್ಟರ್‌ಗಳು 3, ಬಝರ್ 15, ಸ್ವಿಚ್ 7, ಮೂರು ಸಣ್ಣ ಸೆಲ್ ಹಿಡಿಯೋ ಹೋಲ್ಡರ್ 20, ತೂತಿನ ಬೋರ್ಡ್ 10. ಸ್ಟೇಷನರಿ ಅಂಗಡಿಯ ಸ್ಕೇಲ್ ಎರಡಕ್ಕೆ 20. ಜಯನಗರ 4ನೇ ಬ್ಲಾಕ್‌ನಲ್ಲಿ ಟೈಲರ್‌ಗಳು ದಾರ, ಗುಂಡಿ ತಗೊಳ್ಳೋ ಅಂಗಡಿಯಲ್ಲಿ ವೆಲ್ಕ್ರೋ 25. ಸೆಲ್ ಬಿಟ್ಟು ಒಟ್ಟು 140 ರೂಪಾಯಿ. ನೋಡಿ, ಯೋಚನೆ ಮಾಡೋ ಚಿಪ್‌ಗೆ ಎಂಟು, ಸೆಲ್ ಕೂರಿಸೋ ಪ್ಲಾಸ್ಟಿಕ್ ಚಿಪ್ಪಿಗೆ ಇಪ್ಪತ್ತು! ದಿನಕ್ಕೆ ಮುಕ್ಕಾಲು ಗಂಟೆ ಬಳಸಿದರೆ ಸೆಲ್ ಮೂರ್ನಾಲ್ಕು ತಿಂಗಳು ಬರುತ್ತೆ ಅಂತ ಲೆಕ್ಕ. ಅಷ್ಟರಲ್ಲಿ ಮಂಡಿಯೇ ಸರಿಯಾಗಿರುತ್ತೆ.

ಮೇಡಂ ತಮ್ಮ ಕೋನಮಾಪಕ ಪಕ್ಕದಲ್ಲಿಟ್ಟು ಹೋಲಿಸಿದರು. ಮೂರ್ನಾಲ್ಕು ಡಿಗ್ರಿ ಆಚೀಚೆ. "ನನ್ನ ಕಣ್ಣಿನ ಅಳತೆಯಲ್ಲೂ ಅಷ್ಟು ವ್ಯತ್ಯಾಸ ಬರುತ್ತೆ, ಪರವಾಗಿಲ್ಲ" ಅಂದರು. ಆರು ಮಾಡಿಕೊಟ್ಟೆ. ಒಂದು ಮಾತು ಗಮನದಲ್ಲಿರಲಿ, ಡಿಗ್ರಿ ಎಷ್ಟಕ್ಕೆ ಇಡಬೇಕು ಅನ್ನೋದು ಅವರ ನಿರ್ಧಾರ. ಯೂಟ್ಯೂಬ್ ನೋಡಿ ಯಾರೂ ತಿರುಗಣೆ ತಿರುಗಿಸಬೇಡಿ.

ಅಗ್ಗದ ಕನಸಿನ ಊರು

ಕಮ್ಮಿ ಬೆಲೆಯ ಎಲೆಕ್ಟ್ರಾನಿಕ್ಸ್ ಈ ಊರಿನ ಹಳೇ ಹುಚ್ಚು. 1999ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಇಂಜಿನಿಯರ್‌ಗಳೂ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್, ವಿನಯ್ ದೇಶಪಾಂಡೆ ಅದರ ಹಿಂದಿದ್ದವರು. ಕೈಯಲ್ಲಿ ಹಿಡಿಯೋ ಕಂಪ್ಯೂಟರ್, ಮುಟ್ಟಿದರೆ ಕೆಲಸ ಮಾಡೋ ಪರದೆ, ಭಾರತೀಯ ಭಾಷೆಗಳನ್ನು ಓದಿ ಹೇಳೋ ದನಿ. ಸ್ಮಾರ್ಟ್ ಕಾರ್ಡ್ ತೂರಿಸಿದರೆ ಅದು ನಿಮ್ಮದು, ತೆಗೆದರೆ ಇನ್ನೊಬ್ಬರದು. ಒಂದು ಊರಿಗೆ ಒಂದು ಯಂತ್ರ ಸಾಕಾಗಲಿ ಅನ್ನೋ ಯೋಚನೆ. 2004ರಲ್ಲಿ ಅಮಿಡಾ ಸಿಂಪ್ಯೂಟರ್ ಬಿಇಎಲ್‌ನಲ್ಲಿ ತಯಾರಾಗಿ ಮಾರುಕಟ್ಟೆಗೂ ಬಂತು. ಅಲುಗಾಡಿಸಿದರೆ ಗುರುತಿಸೋ ಸೆನ್ಸರ್ ಕೂಡ ಅದರಲ್ಲಿತ್ತು, ಐಫೋನ್ ಹುಟ್ಟೋದಕ್ಕೂ ಮೂರು ವರ್ಷ ಮೊದಲು. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ, ಮೊಬೈಲ್ ಫೋನ್ ಮುಂದೆ ಓಡಿತು. ಆದರೆ ಆ ಕಾರ್ಡಿನ ಉಪಾಯ ನೋಡಿ: ಯಂತ್ರದ ಬೆಲೆ ಇಳಿಸೋಕೆ ಆಗದಿದ್ದಾಗ, ಒಬ್ಬೊಬ್ಬರ ಪಾಲಿಗೆ ಬರೋ ಬೆಲೆ ಇಳಿಸೋದು. ಕ್ಲಿನಿಕ್‌ನಿಂದ ಎರವಲು ಹೋಗಿ ಬರೋ ನನ್ನ ಆರು ಡಬ್ಬಿಗಳದ್ದೂ ಅದೇ ಲೆಕ್ಕ.

ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗ ಬಿಟ್ಟು 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹತ್ತಿದರೆ ರಾಗಿಗುಡ್ಡ, ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತೆ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಅದಕ್ಕೆ ಅಡಿಪಾಯ ಹಾಕಿದಾಗ ಹೆಸರಲ್ಲಿ ಇದ್ದದ್ದು ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಅಲ್ಲ. ಸಿಲ್ಕ್ ಬೋರ್ಡ್ ಜಾಮ್‌ನ ಮೇಲೆ ತೇಲಿಕೊಂಡು ಹೋಗುವಾಗ ಕೆಳಗೆ ನೋಡೋದು ಒಂದು ಸಣ್ಣ ಹಬ್ಬ.

ನೂರ ಹತ್ತು

ತೊಂಬತ್ತು ಡಿಗ್ರಿ ಆದ ದಿನ ಜಯನಗರ 9ನೇ ಬ್ಲಾಕ್‌ನ ರಾಗಿಗುಡ್ಡ ಹತ್ತಿದೆ. ರಾಗಿ ರಾಶಿಯೇ ಕಲ್ಲಾಯಿತು ಅನ್ನೋ ಐತಿಹ್ಯದ ಆಂಜನೇಯನ ಗುಡ್ಡ. ಹತ್ತೋದು ಸಲೀಸು, ಇಳಿಯೋದೇ ಕಷ್ಟ, ಇಳಿವಾಗ ಮೈಭಾರವನ್ನೆಲ್ಲ ಬಗ್ಗಿದ ಮಂಡಿ ತಡೆದು ಹಿಡೀಬೇಕು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದವನಿಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು "ನಿಧಾನ ಕಣಪ್ಪಾ" ಅಂದು ಮುಂದೆ ಹೋದರು.

ಗಾರ್ಮೆಂಟ್ಸ್ ಅಕ್ಕ ಡಬ್ಬಿಯನ್ನು ಏಳು ವಾರ ಇಟ್ಟುಕೊಂಡಿದ್ದರು. ರಾತ್ರಿ ಅಡುಗೆ ಮುಗಿದ ಮೇಲೆ ಕಟ್ಟಿಕೊಂಡು ಕೂತರೆ ಮಗಳು "ಪೀಂ" ಎಷ್ಟು ಸಲ ಬಂತು ಅಂತ ಎಣಿಸ್ತಿದ್ದಳಂತೆ. ಕ್ಲಿನಿಕ್‌ಗೆ ವಾರಕ್ಕೆ ಮೂರು ಸಲ ಬರೋದು ಒಂದು ಸಲಕ್ಕೆ ಇಳಿಯಿತು. 105 ಆದ ಮೇಲೆ ಕೆಲಸಕ್ಕೆ ಸೇರಿ, ಡಬ್ಬಿ ವಾಪಸ್ ಕೊಟ್ಟು ಹೋದರು. ಮೇಡಂ ತೆರೆದು ನೋಡಿದರೆ ಒಳಗೆ ಮೂರೂ ಹೊಸ ಸೆಲ್. ಮುಂದಿನವರಿಗೆ ಇರಲಿ ಅಂತ ಹಾಕಿದ್ದರು.

ನನ್ನ ಮಂಡಿ 110 ಮುಟ್ಟಿದ ವಾರ ಸೈಕಲ್ ತೆಗೆದೆ. ಮೊದಲ ದಿನ ಸೀಟನ್ನು ಒಂದಿಂಚು ಎತ್ತರಿಸಿದೆ. ಸೀಟ್ ಮೇಲೇರಿದಷ್ಟೂ ಪೆಡಲ್ ತುದಿಗೆ ಬಂದಾಗ ಮಂಡಿ ಕಮ್ಮಿ ಬಗ್ಗಿದರೆ ಸಾಕು. ಇದಕ್ಕೂ ಖರ್ಚಿಲ್ಲ, ಒಂದು ಸ್ಪ್ಯಾನರ್ ಸಾಕು. ಬೆಳಿಗ್ಗೆ ಆರಕ್ಕೆ ಜಯನಗರದ ಅಡ್ಡರಸ್ತೆಗಳಲ್ಲಿ ಎರಡು ಸುತ್ತು. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟು, ರಸ್ತೆಯ ನಡುವಿಗೆ ಹತ್ತಿರವಾಗಿ ಹೋಗ್ತೀನಿ ಈಗ. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ ಬಿಡಿ.

ಮೊನ್ನೆ ಮೇಡಂ ಫೋನ್ ಮಾಡಿದ್ದರು. "ಸರ್, ಇದೇ ಡಬ್ಬಿ ಮೊಣಕೈಗೂ ಆಗುತ್ತಾ? ಮೂರು ಜನ ಇದಾರೆ." ಸರ್ಕ್ಯೂಟ್ ಅದೇ ಸಾಕು, ಅಡಿಸ್ಕೇಲ್ ಬದಲು ಆರಿಂಚಿನದು ಹಾಕಿದರಾಯ್ತು. ಅದು ಐದೇ ರೂಪಾಯಿ. ಬಿಲ್ ನೂರ ಮೂವತ್ತಕ್ಕೆ ಇಳಿಯುತ್ತೆ.